ಅಜ್ಜಿ ಐತೆ

ಮೂರು ದಿನದಿಂದ ನಮ್ಮ ಮನೆಯಲ್ಲಿ ಇಬ್ಬರಿಗೆ ಜ್ವರ. ನನಗೆ, ಮತ್ತು ನನ್ನ ಐದು ವರ್ಷದ ಮಗಳಿಗೆ. ಇವತ್ತು ಸಂಜೆಯ ಹೊತ್ತಿಗೆ ಇಬ್ಬರದೂ ಇಳಿಯಿತು. ಇಬ್ಬರೂ ಗಂಜಿ ಕುಡಿದು ಮಲಗಿದೆವು. ಮಗಳು ನಿದ್ದೆ ಹೋದಳು. ನಾನು ಸ್ವಲ್ಪ ಹೊತ್ತು ಹೊರಳಾಡಿ, ಎದ್ದು, ಶಾಲು ಹೊದ್ದುಕೊಂಡು ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ಚಿತ್ರದುರ್ಗದ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಉಪನ್ಯಾಸಕ. ತಿದ್ದುವುದು ನನ್ನ ಕಸುಬು, ಮತ್ತು ಈಗ ಒಪ್ಪಿಕೊಳ್ಳುತ್ತೇನೆ, ಅದು ನನ್ನ ಚಟವೂ ಹೌದು.

‘ನನಗೆ ಇಷ್ಟವಾದ ವ್ಯಕ್ತಿ’ ಎಂದು ಪ್ರಬಂಧದ ವಿಷಯ ಕೊಟ್ಟಿದ್ದೆ. ಹುಡುಗರೆಲ್ಲ ಗೈಡಿನಿಂದ ಎತ್ತಿ ಯಾರೋ ಮಹಾಪುರುಷರ ಬಗ್ಗೆ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಹೀಗೆ ಶುರು ಮಾಡಿದ್ದಳು: ‘ನಮ್ಮ ಮನೆಯಲ್ಲಿ ನಮ್ಮಜ್ಜಿ ಐತೆ. ಅದು ನನ್ನ ಬಿಟ್ಟು ಉಣ್ಣಲ್ಲ.’ ಕೆಂಪು ಪೆನ್ನು ತಾನಾಗಿಯೇ ‘ಐತೆ’ಯ ಕಡೆ ಇಳಿಯಿತು. ಇನ್ನೇನು ಗೆರೆ ಎಳೆಯಬೇಕು, ಕೈ ಅಲ್ಲೇ ನಿಂತುಬಿಟ್ಟಿತು. ಜ್ವರದ ನಿಶ್ಶಕ್ತಿ ಇರಬೇಕೆಂದು ಎಷ್ಟು ಸಮಾಧಾನ ಹೇಳಿಕೊಂಡರೂ ಕೈ ಮುಂದೆ ಹೋಗಲಿಲ್ಲ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಏಳು ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮ ಕಡೆಯ ಮಾತು ನಿಮಗೆ ಗೊತ್ತಿರಬಹುದು, ಇಲ್ಲದಿರಬಹುದು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಸುತ್ತ ‘ಇದೆ’ ಎನ್ನುವುದನ್ನು ‘ಐತೆ’ ಎನ್ನುತ್ತಾರೆ. ಅದಿರಲಿ. ಅದಕ್ಕಿಂತ ವಿಶೇಷ ಎಂದರೆ ಮನೆಯ ಹೆಂಗಸರಿಗೆ ‘ಅದು’ ಎನ್ನುತ್ತಾರೆ. ಅಕ್ಕ ಬಂತು, ಅವ್ವ ಉಣ್ತೈತೆ, ಅಜ್ಜಿ ಹೇಳ್ತು. ಮಕ್ಕಳಿಗೂ ಹಾಗೆಯೇ. ಮುದ್ದು ಜಾಸ್ತಿಯಾದರೆ ಒಮ್ಮೊಮ್ಮೆ ಗಂಡಸರಿಗೂ ಅದೇ. ನನ್ನ ಅವ್ವ ನಮ್ಮಪ್ಪ ಎದುರಿಗಿಲ್ಲದಾಗ ‘ಅದಕ್ಕೆ ಸಾರು ಖಾರ ಇರ್ಬೇಕು’ ಎನ್ನುತ್ತಿದ್ದಳು. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ನಪುಂಸಕಲಿಂಗ ಎಂದು ಹೆಸರು. ಕಲ್ಲು, ಮರ, ಎಮ್ಮೆಗಳ ಸಾಲು. ಎಂ.ಎ. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನಲ್ಲಿ ಒಂದು ದಿನ ‘ಅವ್ವಂದು ಫೋನ್ ಬಂದಿತ್ತು, ಅದಕ್ಕೆ ಮೈಯಾಗೆ ಹುಷಾರಿಲ್ಲಂತೆ’ ಎಂದೆ. ರೂಮಿನವರು ‘ಯಾವುದಕ್ಕೆ, ದನಕ್ಕಾ?’ ಎಂದು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಒಂದು ವರ್ಷ ಕನ್ನಡಿಯ ಮುಂದೆ ನಿಂತು ಮಾತು ತೊಳೆದುಕೊಂಡೆ. ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಚೀಲ ಹೊಲಿಯುವವನ ಮಗ ಎಂದು ಯಾರಿಗೂ ತಿಳಿಯದ ಹಾಗೆ ಮಾತಾಡಲು ಕಲಿತೆ. ಕೆಲಸವೂ ಸಿಕ್ಕಿತು.

ಕೆಲಸ ಸಿಕ್ಕ ಮೇಲೆ ಹೆಣ್ಣು ನೋಡಿದರು. ಸುಜಾತ ಮತ್ತೋಡಿನವಳು. ಅಪ್ಪ ಕುರಿ ಸಾಕುವವರು, ಸ್ವಲ್ಪ ಹೊಲವೂ ಇತ್ತು. ಅವಳು ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ನರ್ಸ್. ಹೆಣ್ಣು ನೋಡಲು ಹೋದಾಗ ಪಡಸಾಲೆಯ ಮೂಲೆಯ ಮಂಚದ ಮೇಲೆ ಅವಳ ಅಜ್ಜಿ ಮಲಗಿದ್ದರು. ತಾಯಿಯ ತಾಯಿ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು ಮತ್ತೆ ಎದ್ದು ಓಡಾಡಿರಲಿಲ್ಲ. ಹಿಡಿದು ಕೂರಿಸಿದರೆ ಕೂರುವರು, ಅಷ್ಟೆ. ಅಪ್ಪ ಅವ್ವ ಕುರಿಯ ಹಿಂದೆ, ಹೊಲದ ಹಿಂದೆ ಇದ್ದ ಕಾಲದಲ್ಲಿ ಸುಜಾತಳನ್ನು ಬೆಳೆಸಿದ್ದು ಆ ಅಜ್ಜಿಯೇ. ಇದೆಲ್ಲ ನನಗೆ ಆ ದಿನವೇ ಹೇಳಿದ್ದರು. ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ.

ನಿಶ್ಚಿತಾರ್ಥ ಆಯಿತು. ಮದುವೆಗೆ ಇನ್ನೂ ನಾಲ್ಕು ತಿಂಗಳಿತ್ತು. ‘ಕುರಿ ಮರಿ ಹಾಕೋದು ಮುಗೀಲಿ, ಆಮ್ಯಾಲೆ ನಾವೂ ಪುರುಸೊತ್ತಾಗ್ತೀವಿ’ ಎಂದರು ಅವರಪ್ಪ. ಅಷ್ಟರಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಕಡೆ ಒಂದು ಬಾಡಿಗೆ ಮನೆ ಖಾಲಿಯಿದೆ ಎಂದು ತಿಳಿಯಿತು. ಮಾಲೀಕರು ನಿವೃತ್ತ ಮೇಷ್ಟ್ರು, ಮೇಲೆ ಅವರ ಸಂಸಾರ, ಕೆಳಗೆ ನಮಗೆ. ಎರಡು ದಿನಕ್ಕೊಮ್ಮೆ ನೀರು. ಒಳ್ಳೆಯ ಮನೆ ಕೈತಪ್ಪಬಾರದೆಂದು ಆಗಲೇ ಹಿಡಿದೆವು. ನಾನು ಒಬ್ಬನೇ ಒಂದು ಚಾಪೆ, ಒಂದು ಸ್ಟೌವು ಇಟ್ಟುಕೊಂಡು ಅಲ್ಲಿ ಇರತೊಡಗಿದೆ. ಭಾನುವಾರ ಭಾನುವಾರ ಸುಜಾತ ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುವಳು, ಮತ್ತೋಡಿನಿಂದ ಅವಳ ಅವ್ವ ಬರುವರು. ಮದುವೆಯಾಗದ ಗಂಡು ಹೆಣ್ಣು ಒಂದೇ ಸೂರಿನಡಿ ಇಬ್ಬರೇ ಇರುವುದು ನಮ್ಮಲ್ಲಿ ಉಂಟೆ? ಅವ್ವ ಹೊಸ್ತಿಲ ಬಳಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುವರು. ನಾವಿಬ್ಬರು ಒಳಗೆ ಮನೆ ಕಟ್ಟಿಕೊಳ್ಳುವೆವು.

ಆ ಭಾನುವಾರಗಳ ಸುಖವನ್ನು ಹೇಗೆ ಹೇಳಲಿ? ಮದುವೆಯಾದ ಮೇಲೆ ಇಷ್ಟು ವರ್ಷದಲ್ಲಿ ಅಂಥ ದಿನಗಳು ಬಂದಿಲ್ಲ. ಸಂತೆಹೊಂಡದ ಹತ್ತಿರ ಪಾತ್ರೆ ಅಂಗಡಿಯಲ್ಲಿ ಒಂದು ಪಾತ್ರೆಗೆ ಅರ್ಧ ಗಂಟೆ ನಿಲ್ಲುವೆವು. ಅವಳು ಪ್ರತಿಯೊಂದರ ತಳ ಬೆರಳಿನಿಂದ ಬಡಿದು ನೋಡುವಳು. ಪರದೆ ಹಾಕುವ ಸರಳು ನಾನು ಓರೆಯಾಗಿ ಹೊಡೆದೆ, ಅವಳು ಸ್ಟೂಲು ಹತ್ತಿ ನೆಟ್ಟಗೆ ಮಾಡಿದಳು. ಶೆಲ್ಫಿಗೆ ಪೇಪರ್ ಹಾಸಿದೆವು. ನಾನು ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದೆ, ದುಂಡಗಿನ ಅಕ್ಷರದಲ್ಲಿ: ತೊಗರಿಬೇಳೆ, ಕಡಲೆಬೇಳೆ, ಮೆಣಸು. ‘ಓದಾಕೆ ಬರಲ್ಲ ಅಂತ ತಿಳ್ಕಂಡೈತೆ ನಮಗೆ. ಬ್ಯಾಳೆ ಕಂಡ್ರೆ ಬ್ಯಾಳೆ ಅಂತ ಗೊತ್ತಾಗಲ್ವೇನವ್ವ’ ಎಂದು ಅವಳು ಹೊಸ್ತಿಲ ಕಡೆ ಕೂಗಿ ನಗುವಳು. ಒಂದು ಸಲ ನಾನು ಎರಡು ಕೈಯಲ್ಲಿ ಬಕೆಟ್ಟು ಹಿಡಿದು ಒಳಗೆ ಬರುವಾಗ ಅವಳು ಅವ್ವನಿಗೆ ಹೇಳಿದ್ದು ಕೇಳಿಸಿತು. ‘ಬಂತು ನೋಡವ್ವ, ಬಕೀಟು ಹೊತ್ಕಂಡು. ಪಾಪ, ಬೆವ್ತೋಗೈತೆ.’

ನನ್ನ ಬಗ್ಗೆ. ಬಂತು, ಬೆವ್ತೋಗೈತೆ. ಆ ಹುಡುಗಿ ನನ್ನನ್ನು ಅವ್ವ, ಅಜ್ಜಿ, ಕೂಸುಗಳ ಸಾಲಿಗೆ ಸೇರಿಸಿಕೊಂಡಿದ್ದಳು, ಅದೂ ತಾಳಿ ಕಟ್ಟುವ ಮೊದಲೇ. ನಾನು ಬಕೆಟ್ಟು ಇಟ್ಟು ಏನೆಂದೆ ಗೊತ್ತೆ? ‘ಬಂತು ಅಂದರೆ? ನಾನೇನು ಎಮ್ಮೆಯಾ?’ ಎಂದೆ. ಹಾಸ್ಟೆಲಿನವರು ನನಗೆ ಕೊಟ್ಟಿದ್ದನ್ನು ಹಾಗೇ ಅವಳ ಕೈಗೆ ದಾಟಿಸಿದೆ.

ಅಲ್ಲಿಂದ ಆಟ ಶುರುವಾಯಿತು. ಆಟ ಎಂದು ಹೆಸರಿಟ್ಟವನೂ ನಾನೇ. ತರಗತಿಯಲ್ಲಿ ಯಾರಾದರೂ ತಪ್ಪು ಓದಿದರೆ ಪೆನ್ನಿನಿಂದ ಮೇಜು ಕುಟ್ಟುವುದು ನನ್ನ ಅಭ್ಯಾಸ. ಮನೆಯಲ್ಲೂ ಅದನ್ನೇ ಮಾಡಿದೆ. ಅವಳು ‘ಐತೆ’ ಎಂದರೆ ಹತ್ತಿರವಿದ್ದ ಡಬ್ಬಿಯ ಮುಚ್ಚಳಕ್ಕೆ ಪೆನ್ನಿನಿಂದ ಟಕ್ ಎನ್ನಿಸುವುದು. ಅವಳು ನಾಲಗೆ ಕಚ್ಚಿಕೊಂಡು ‘ಇದೆ’ ಎನ್ನುವಳು. ಮೊದಮೊದಲು ನಗುತ್ತಿದ್ದಳು. ‘ನಮ್ಮ ಆಸ್ಪತ್ರೆಯಾಗೆ ಇಂಗೆ ಮಾತಾಡಿದ್ರೆ ಪೇಷೆಂಟು ಹೆದ್ರಿ ಓಡೋಗ್ತಾವೆ. ಏನಜ್ಜ ಎಲ್ಲಿ ನೋಯ್ತೈತೆ ಅಂದ್ರೆ ಅವು ಹೇಳ್ತಾವೆ. ಎಲ್ಲಿ ನೋಯುತ್ತಿದೆ ಅಂದ್ರೆ ಡಾಕ್ಟ್ರನ್ನ ಕೇಳ್ರಿ ಅಂತಾವೆ’ ಎಂದಳು. ಟಕ್, ಟಕ್. ಒಂದು ವಾಕ್ಯಕ್ಕೆ ನಾಲ್ಕು ಟಕ್ ಆದ ದಿನ ನಾನು ಹೊಟ್ಟೆ ಹಿಡಿದು ನಕ್ಕೆ. ಹೊಸ್ತಿಲ ಬಳಿ ಅವ್ವ ಹುಣಸೆಬೀಜ ಬಿಡಿಸುವುದು ನಿಲ್ಲಿಸಿ ಒಮ್ಮೆ ನನ್ನ ಕಡೆ ನೋಡಿದರು.

ನನಗೆ ಯಾಕೆ ಅಷ್ಟು ಅವಸರವಿತ್ತು ಎಂದರೆ, ಮಹಡಿಯ ಮೇಲಿನ ಮೇಷ್ಟ್ರು. ಬಿಳಿ ಪಂಚೆ, ಮನೆ ತುಂಬ ಪುಸ್ತಕ, ಅಳೆದು ತೂಗಿ ಮಾತು. ಅವರ ಕಣ್ಣಿನಲ್ಲಿ ನಾನು ದೊಡ್ಡವನಾಗಿ ಕಾಣಬೇಕಿತ್ತು. ಮೊದಲ ದಿನವೇ ಸುಜಾತ ಅವರನ್ನು ‘ಸಂಪಿನಾಗೆ ನೀರು ಐತೇನ್ರಿ?’ ಎಂದು ಕೇಳಿದ್ದಳು. ನನ್ನ ಕಿವಿ ಬಿಸಿಯಾಯಿತು. ಮೇಷ್ಟ್ರು ‘ನಮ್ಮ ತಾಯಿ ಹೀಗೇ ಮಾತಾಡೋರು. ಕೇಳಿ ಬಹಳ ದಿನವಾಗಿತ್ತು’ ಎಂದರು. ಹಿರಿಯರು, ಮರ್ಯಾದೆಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಇಂಥ ಕಡೆ ನನ್ನ ಬುದ್ಧಿ ಬಲು ಚುರುಕು.

ಮದುವೆ ಎಲ್ಲಿ ಮಾಡುವುದೆಂದು ಮಾತಾಡಲು ಒಂದು ಭಾನುವಾರ ಎರಡೂ ಮನೆಯವರು ಆ ಬಾಡಿಗೆ ಮನೆಯಲ್ಲೇ ಸೇರಿದರು. ಅವಳ ಅಪ್ಪ ಹೆಗಲ ಮೇಲಿನ ಕರಿ ಕಂಬಳಿ ತೆಗೆದು ನಡುಮನೆಯಲ್ಲಿ ಹಾಸಿದರು. ಮದುವೆ ಮಾತು ಕಂಬಳಿ ಮೇಲೆ ಕೂತೇ ಆಡಬೇಕು ಎಂಬುದು ಅವರ ಕಡೆಯ ಪದ್ಧತಿ. ಅದರ ಮೇಲೆ ಅವರು, ನಮ್ಮಪ್ಪ, ನಾನು ಕರೆದಿದ್ದರಿಂದ ಕೆಳಗಿಳಿದು ಬಂದ ಮೇಷ್ಟ್ರು, ಮತ್ತು ನಾನು ಕೂತೆವು. ನನ್ನ ಮುಂದೆ ಮಂಡಕ್ಕಿ ಡಬ್ಬಿ ಇತ್ತು. ಹೆಂಗಸರು ಅಡುಗೆಮನೆಯ ಬಾಗಿಲಲ್ಲಿದ್ದರು.

ನಾನು ಆಗಲೇ ದುರ್ಗದ ಒಂದು ಕಲ್ಯಾಣ ಮಂಟಪ ವಿಚಾರಿಸಿ ಬಂದಿದ್ದೆ. ಪ್ರಾಂಶುಪಾಲರು ಬರುತ್ತಾರೆ, ಸಹೋದ್ಯೋಗಿಗಳು ಬರುತ್ತಾರೆ, ಹಳ್ಳಿಯ ಚಪ್ಪರದಲ್ಲಿ ಅವರನ್ನು ಎಲ್ಲಿ ಕೂರಿಸುವುದು? ಹೀಗೆಲ್ಲ ವಿವರಿಸಿದೆ. ನಮ್ಮಪ್ಪ ‘ನಮಗೆ ಎಲ್ಲಾದ್ರೂ ಸೈ’ ಎಂದರು. ಅವಳ ಅಪ್ಪನಿಗೆ ಹೆಣ್ಣು ಕೊಡುವವರು ಷರತ್ತು ಹಾಕಬಾರದೆಂಬ ಹಳೆಯ ಸಂಕೋಚ. ಅವರು ಕಂಬಳಿಯ ನೂಲು ಸವರುತ್ತ, ‘ಹುಡುಗಿ ಏನೋ ಹೇಳ್ಬೇಕು ಅಂತೈತೆ. ಅದರ ಬಾಯಿಂದಲೇ ಕೇಳ್ರಿ’ ಎಂದರು.

ಸುಜಾತ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಆಸ್ಪತ್ರೆಯಲ್ಲಿ ಹತ್ತು ಜನರನ್ನು ಗದರಿಸುವ ಹುಡುಗಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು. ‘ಏನಿಲ್ಲ ಮಾವ,’ ಎಂದು ನಮ್ಮಪ್ಪನ ಕಡೆ ತಿರುಗಿ ಹೇಳಿದಳು, ‘ಮತ್ತೋಡಿನಾಗೆ ಮನೆ ಮುಂದೇನೇ ಚಪ್ಪರ ಹಾಕಾಣ ಅಂತ. ಯಾಕಂದ್ರೆ ನಮ್ಮಜ್ಜಿ ಐತಲ್ಲ, ಅದಕ್ಕೆ...’

ಟಕ್.

‘ಅಜ್ಜಿ ಇದ್ದಾರೆ,’ ಎಂದೆ ನಾನು, ಮೇಷ್ಟ್ರ ಕಡೆ ಒಮ್ಮೆ ನೋಡಿ, ನಗುತ್ತ. ‘ಅವರಿಗೆ.’

ಕೈಗೆ ಅಭ್ಯಾಸವಾಗಿತ್ತು, ತಾನಾಗಿ ಬಡಿಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಸುಳ್ಳು. ಬೇಕೆಂದೇ ಬಡಿದೆ. ಈ ಮಾತು ನನ್ನದಲ್ಲ, ನಾನು ತಿದ್ದಬಲ್ಲವನು ಎಂದು ಮೇಷ್ಟ್ರಿಗೆ ತೋರಿಸಲು ಬಡಿದೆ. ಜೊತೆಗೆ, ಅವಳು ಏನು ಹೇಳಲಿದ್ದಾಳೆಂದು ನನಗೆ ಅರ್ಧ ಗೊತ್ತಿತ್ತು. ಮಂಚದ ಮೇಲಿನ ಮುದುಕಿಯನ್ನು ನಾನು ಕಣ್ಣಾರೆ ನೋಡಿದ್ದೆನಲ್ಲ. ಉಳಿದರ್ಧ ಬಾಯಿಗೆ ಬಂದರೆ ನನ್ನ ಕಲ್ಯಾಣ ಮಂಟಪ ಹೋಗುತ್ತಿತ್ತು.

ಸುಜಾತ ನಿಂತುಬಿಟ್ಟಳು. ಕುತ್ತಿಗೆಯಿಂದ ಮೇಲಕ್ಕೆ ಕೆಂಪಾದಳು. ಅವಳ ಅಪ್ಪ ತಲೆ ತಗ್ಗಿಸಿದರು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ, ಅವಳ ಕಡೆ ನೋಡಿ ಮೆತ್ತಗೆ ಕೇಳಿದರು. ‘ಹೇಳಮ್ಮ, ಅಜ್ಜಿಗೆ ಏನು?’

‘ಏನೂ ಇಲ್ಲ ಸರ್,’ ಎಂದಳು ಅವಳು. ‘ಮದುವೆ ಎಲ್ಲಿ ನಡೆದರೂ ನನಗೆ ಒಪ್ಪಿಗೆ ಇದೆ.’

ಒಂದೇ ಒಂದು ತಪ್ಪಿಲ್ಲದ ವಾಕ್ಯ. ನಾನು ‘ಶಭಾಷ್’ ಎಂದೆ. ಗಟ್ಟಿಯಾಗಿಯೇ ಎಂದೆ. ನಮ್ಮಪ್ಪ ಮಂಡಕ್ಕಿ ಡಬ್ಬಿ ತೆರೆದು ಎಲ್ಲರಿಗೂ ಹಂಚಿದರು. ಮಂಟಪ ಗೊತ್ತಾಯಿತು.

ಅದಾದ ಮೇಲೂ ಭಾನುವಾರಗಳು ಬಂದವು. ಅವಳು ಬಂದಳು, ಗೋಡೆಗೆ ಗಡಿಯಾರ ಹಾಕಿದಳು, ಅಕ್ಕಿ ಡ್ರಮ್ಮಿಗೆ ಬೇವಿನ ಸೊಪ್ಪು ಹಾಕಿಟ್ಟಳು. ನನ್ನ ಜೊತೆ ಮಾತಾಡಲಿಲ್ಲ ಎಂದಲ್ಲ. ಮಾತಾಡಿದಳು, ಅಚ್ಚಾದ ಪುಸ್ತಕದ ಹಾಗೆ. ‘ಚಹಾ ತಯಾರಾಗಿದೆ. ಬಸ್ಸಿಗೆ ಸಮಯವಾಗಿದೆ.’ ಡಬ್ಬಿ ಬಡಿಯಲು ನನಗೆ ಅವಕಾಶವೇ ಸಿಗಲಿಲ್ಲ. ಎಷ್ಟು ಬೇಗ ಕಲಿತಳು ಎಂದು ನಾನು ಕಾಲೇಜಿನಲ್ಲಿ ಹೇಳಿಕೊಂಡು ತಿರುಗಿದೆ. ಮದುವೆ ಮಾತಾದ ದಿನ ಮತ್ತೋಡಿನ ಬಸ್ಸಿನಲ್ಲಿ ಅವಳ ಅವ್ವ ‘ಯಾಕವ್ವ ಹೇಳ್ಲಿಲ್ಲ?’ ಎಂದು ಕೇಳಿದ್ದಕ್ಕೆ ಅವಳು ‘ಬಿಡವ್ವ, ಆತಲ್ಲ’ ಎಂದು ಕಿಟಕಿಯ ಕಡೆ ತಿರುಗಿ ಕೂತಳಂತೆ. ಇದನ್ನು ಅವ್ವ ನನಗೆ ಹೇಳಿದ್ದು ಬಹಳ ವರ್ಷದ ಮೇಲೆ, ಬೇರೆ ಏನೋ ಮಾತಿನ ನಡುವೆ.

ಮದುವೆ ಚೆನ್ನಾಗಿಯೇ ನಡೆಯಿತು. ಪ್ರಾಂಶುಪಾಲರು ಬಂದು ಐದು ನಿಮಿಷ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಮೂರನೇ ದಿನ ಮತ್ತೋಡಿಗೆ ಹೋದೆವು. ಅಜ್ಜಿಯ ಮಂಚ ಪಡಸಾಲೆಯ ಮೂಲೆಯಲ್ಲಿರಲಿಲ್ಲ, ಬಾಗಿಲಿಗೆ ಎದುರಾಗಿ ಎಳೆದು ಹಾಕಿದ್ದರು. ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ‘ಯಾರೇ ಅದು?’ ಎಂದರು. ‘ನಾನಜ್ಜಿ’ ಎಂದು ಸುಜಾತ ಮಂಚದ ಮೇಲೆ ಕೂತು ಆ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡಳು.

‘ಗಂಡ ಬಂದೈತಾ?’

‘ಹೂಂ. ಬಂದಿದ್ದಾರೆ.’

‘ಬಂದಿದ್ದಾರಾ?’ ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕರು. ‘ಅದೇನೇ ಹಂಗಂತೀಯ, ಊರಿಗೆ ಅಮಲ್ದಾರ್ರು ಬಂದಂಗೆ.’ ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡು ಹೇಳಿದರು. ‘ನಾನೂ ಹೊಸ ಸೀರೆ ಉಟ್ಕಂಡು ಕುಂತಿದ್ದೆ ಕಣಪ್ಪ ಅವತ್ತು. ಪಕ್ಕದ ಮನೇದು ಬಂದು ಮಂಚ ಬಾಗ್ಲಿಗೆ ಎಳೀತು. ದುರ್ಗ ಯಾವ ದಿಕ್ಕಿಗೈತೆ ಅಂತ ಕೇಳ್ದೆ, ತೋರಿಸ್ತು. ಹೊತ್ತು ನೋಡ್ಕಂಡು ಇಲ್ಲಿಂದಲೇ ಅಕ್ಕಿಕಾಳು ಹಾಕಿದೆ. ಬಿದ್ವೋ ಇಲ್ವೋ ನಿಮ್ಮ ತಲೆ ಮ್ಯಾಲೆ?’

ದೂರಿನ ಧ್ವನಿಯೇ ಅಲ್ಲ ಅದು. ತಮಾಷೆಗೆ ಕೇಳಿದ್ದು. ‘ಬಿದ್ವು ಕಣಜ್ಜಿ’ ಎಂದಳು ಸುಜಾತ. ನಾನು ಕಾಲಿಗೆ ಬಿದ್ದೆ. ಎದ್ದು ಹೊರಗೆ ಬಂದು ಕುರಿ ಹಟ್ಟಿಯ ಬೇಲಿಯ ಹತ್ತಿರ ನಿಂತೆ. ಅಂಗಳ ಎಷ್ಟು ದೊಡ್ಡದಿತ್ತೆಂದರೆ ಮುನ್ನೂರು ಜನಕ್ಕೆ ಚಪ್ಪರ ಹಾಕಬಹುದಿತ್ತು. ಅಲ್ಲಿ ನಿಂತಾಗ ನನಗಾದ ನಾಚಿಕೆ ಇವತ್ತಿಗೂ ಹಾಗೇ ಇದೆ, ಒಂದಿಷ್ಟೂ ಸವೆದಿಲ್ಲ. ಆದರೆ ನಾಚಿಕೆಪಟ್ಟವನು ಒಳಗೆ ಹೋಗಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ಯುಗಾದಿಗೆ ಮೊದಲೇ ಅಜ್ಜಿ ತೀರಿಕೊಂಡರು. ಆಗಲೂ ಹೇಳಲಿಲ್ಲ.

ಸುಜಾತ ಒಳ್ಳೆಯ ಸಂಸಾರ ಮಾಡುತ್ತಾಳೆ. ಜಗಳ ಇಲ್ಲ, ಮುನಿಸಿಲ್ಲ. ಯಾರಾದರೂ ನಮ್ಮನ್ನು ನೋಡಿದರೆ ಎಷ್ಟು ಮರ್ಯಾದೆಯ ದಂಪತಿ ಎನ್ನುತ್ತಾರೆ. ತವರಿನ ಫೋನು ಬಂದರೆ ಅವಳ ಮಾತು ಗಲಗಲ ಎನ್ನುತ್ತದೆ. ಮಹಡಿಯ ಮೇಷ್ಟ್ರ ಜೊತೆಗೂ ‘ಐತೆ’ಯೇ, ಅವರೇ ಹಾಗೆ ಕೇಳಿಕೊಂಡರಂತೆ. ಮಗಳ ಜೊತೆ ಹೇಳಲೇಬೇಡಿ. ನಾನು ಒಳಗೆ ಕಾಲಿಟ್ಟೆನೋ, ‘ಬಂದಿರಾ? ನೀರು ಕಾದಿದೆ.’ ಅವಳು ಸಿಟ್ಟಿನಿಂದ ಹಾಗೆ ಮಾಡುತ್ತಾಳೆ ಎಂದು ನನಗೆ ಅನ್ನಿಸಿಲ್ಲ. ಒಮ್ಮೆ ಮುಚ್ಚಿದ್ದು ಹಾಗೆಯೇ ಉಳಿದಿದೆ, ಅಷ್ಟೆ. ತೆರೆ ಎಂದು ಹೇಗೆ ಕೇಳುವುದು? ಒಂದು ಸಲ ನಾನೇ ‘ಊಟ ಐತಾ?’ ಎಂದು ನೋಡಿದೆ. ಅವಳು ತಿರುಗಿ ನೋಡಿದ ರೀತಿಯಲ್ಲೇ ಗೊತ್ತಾಯಿತು, ನಾನು ಅಣಕಿಸುತ್ತಿದ್ದೇನೆ ಎಂದುಕೊಂಡಳು. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಹೀಗೆ ಪೆನ್ನು ಹಿಡಿದು ಕೂತಿದ್ದಾಗ ಅಡುಗೆಮನೆಯಿಂದ ಅವಳ ಧ್ವನಿ ಕೇಳಿಸಿತು. ಮತ್ತೋಡಿನ ಫೋನು, ಅವ್ವನದು. ಜ್ವರದ ವಿಚಾರ ಕೇಳುತ್ತಿದ್ದರೆಂದು ಕಾಣುತ್ತದೆ.

‘ಬಿಟ್ಟೈತವ್ವ. ಸಂಜೆಯಿಂದ ಮೈ ತಣ್ಣಗೈತೆ. ಗಂಜಿ ಕುಡೀತು, ಮಲಗೈತೆ ಈಗ. ಪಾಪ, ಮೂರು ದಿನಕ್ಕೇ ಸೊರಗೋಗೈತೆ.’

ನಾನು ಪೆನ್ನು ಕೆಳಗಿಟ್ಟೆ. ಗಂಜಿ ಕುಡಿದವನು ನಾನು. ಮಲಗಿದ್ದವನು, ಸೊರಗಿದವನು ನಾನು. ನಗಬೇಡಿ, ನಲವತ್ತು ಸಮೀಪಿಸಿದ ಗಂಡಸಿನ ಕಣ್ಣಲ್ಲಿ ನೀರು ಬಂತು. ನಾನು ಎದ್ದಿರುವುದು ಅವಳಿಗೆ ಗೊತ್ತಿಲ್ಲ, ಮಲಗಿದ್ದೇನೆ ಎಂದೇ ತಿಳಿದಿದ್ದಾಳೆ, ನನ್ನ ಬೆನ್ನ ಹಿಂದೆ ನಾನು ಇನ್ನೂ ಅವಳಿಗೆ ‘ಅದು’ವೇ ಎಂದುಕೊಂಡೆ. ಎದ್ದು ಬಾಗಿಲ ತನಕ ಹೋದೆ.

ಆ ಕಡೆಯಿಂದ ಅವ್ವ ಇನ್ನೇನೋ ಕೇಳಿದರು.

‘ಅವರಾ?’ ಎಂದಳು ಸುಜಾತ. ‘ಅವರಿಗೂ ಗುಣವಾಗಿದೆ. ಪೇಪರ್ ತಿದ್ದುತ್ತಾ ಕುಳಿತಿದ್ದಾರೆ.’

ಅಲ್ಲಿಯವರೆಗೆ ಹೇಳಿದ್ದು ಮಗಳ ವಿಚಾರ. ಹೆತ್ತ ತಾಯಿಯ ಹತ್ತಿರ ಮಾತಾಡುವಾಗಲೂ, ನನ್ನ ವಿಚಾರ ಬಂದ ಕೂಡಲೇ, ಆ ಎರಡು ವಾಕ್ಯ ಮಾತ್ರ ಪುಸ್ತಕದಿಂದ ಬಂದವು. ಆಮೇಲೆ ಮತ್ತೆ ‘ಕುರಿ ಹೆಂಗವೆ, ಮಳೆ ಬಂತಾ’ ಎಂದು ಅವಳ ಮಾತು ಹರಿಯಿತು.

ಫೋನು ಇಡುವ ತನಕ ಗೋಡೆಗೆ ಒರಗಿ ನಿಂತಿದ್ದೆ. ಅವಳು ಗಂಜಿಯ ಬಟ್ಟಲು ತೊಳೆಯಲು ನಲ್ಲಿ ತಿರುಗಿಸಿದಳು. ನಾನು ಒಳಗೆ ಹೋಗಿ, ಏಳು ವರ್ಷದಿಂದ ಬಾಯಲ್ಲಿ ಸಿಕ್ಕಿಕೊಂಡಿದ್ದನ್ನು ಹೇಳಿದೆ. ‘ಸುಜಾತ, ಅವತ್ತು ನೀನು ಅಜ್ಜಿ ವಿಷಯ ಹೇಳೋಕೆ ಬಂದಾಗ ಡಬ್ಬಿ ಬಡಿದೆನಲ್ಲ. ಅಭ್ಯಾಸದಿಂದಲ್ಲ. ಬೇಕಂತಲೇ ಬಡಿದೆ.’

ಅವಳು ನಲ್ಲಿ ನಿಲ್ಲಿಸಿದಳು. ಬಟ್ಟಲನ್ನು ಬೋರಲು ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಖವನ್ನು, ಜ್ವರ ನೋಡುವವರು ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದಳು.

‘ಗೊತ್ತಿದೆ’ ಎಂದಳು.

ತಿದ್ದಲು ಅದರಲ್ಲಿ ಏನೂ ಇರಲಿಲ್ಲ.